ಗೋಡೆ ಎಲ್ಲಿಂದ ಬಂತು

ಮಾರ್ಚ್ 3, ಸೋಮವಾರ

ಮತ್ತೆ ಅದೇ ಕನಸು. ಮೈದಾನದ ತುಂಬ ಜನ. ಅಧ್ಯಕ್ಷರು ಮೈಕಿನ ಮುಂದೆ ನಿಂತು ಬಾಯಿ ಆಡಿಸುತ್ತಿದ್ದಾರೆ, ಸದ್ದು ಮಾತ್ರ ಇಲ್ಲ. ನಾನು ಆಂಪ್ಲಿಫೈಯರಿನ ಗುಂಡಿ ತಿರುಗಿಸುತ್ತೇನೆ, ಅದು ಅಲುಗಾಡುವ ಹಲ್ಲಿನ ಹಾಗೆ ಕಿತ್ತು ಕೈಗೆ ಬರುತ್ತದೆ. ಇನ್ನೊಂದು ತಿರುಗಿಸಿದರೆ ಅದೂ ಬರುತ್ತದೆ. ಜನ ಒಬ್ಬೊಬ್ಬರಾಗಿ ವೇದಿಕೆಗೆ ಬೆನ್ನು ಮಾಡಿ ನನ್ನ ಕಡೆ ತಿರುಗುತ್ತಾರೆ. ಯಾರೂ ಬೈಯುವುದಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಎದ್ದವನೇ ಗ್ಯಾಸ್ ಆರಿದೆಯೇ ನೋಡಿದೆ, ಚಿಲಕ ನೋಡಿದೆ, ಮತ್ತೆ ಗ್ಯಾಸ್ ನೋಡಿದೆ. ಮನೆಯಾಕೆ ಹಾಸಿಗೆಯಿಂದಲೇ, “ನಿಮ್ಮ ಚಿಂತೆ ಕೇಳಿ ಕೇಳಿ ನನ್ನ ಕಿವಿ ಸವೆದುಹೋಯ್ತು. ಎಲ್ಲಾದ್ರೂ ಬರೆದಿಡಿ. ಕಾಗದ ಪಾಪ, ತಿರುಗಿ ಮಾತಾಡಲ್ಲ” ಎಂದಳು. ಅದಕ್ಕೇ ಈ ಡೈರಿ. ಐದನೇ ತರಗತಿಗೆ ಶಾಲೆ ಬಿಟ್ಟವನ ಬರವಣಿಗೆ, ನನಗೇ ಓದಲು ಬಂದರೆ ಸಾಕು.

ಚಿಂತೆಗೆ ಕಾರಣ ಇಲ್ಲದಿಲ್ಲ. ಇಪ್ಪತ್ತನೇ ತಾರೀಖು ನಮ್ಮ ಪಕ್ಷದ ಹೊಸ ಸಭಾಭವನ ತೆರೆಯುತ್ತದೆ. ಅದಕ್ಕೆ ನನ್ನ ಅಣ್ಣನ ಹೆಸರಿಡುತ್ತಾರೆ. ಅಧ್ಯಕ್ಷರೇ ಹೇಳಿದ್ದಾರೆ. ಮೈಕು, ಹಾರ್ನು, ವೈರು ಎಲ್ಲ ನನ್ನದೇ. ಈ ಊರಿನಲ್ಲಿ ನಮ್ಮ ಪಕ್ಷದ ಯಾವ ಸಭೆಗೂ ಇನ್ನೊಬ್ಬರ ಮೈಕು ಬಂದದ್ದಿಲ್ಲ. ಮಕ್ಕಳು ನನ್ನನ್ನು ಹಲೋ ಮಾಮ ಅನ್ನುತ್ತಾರೆ, ಅಧ್ಯಕ್ಷರು ‘ಮೈಕು’ ಅನ್ನುತ್ತಾರೆ. ಆ ದಿನವೇ ಏನಾದರೂ ಕೈಕೊಟ್ಟರೆ? ಅಣ್ಣನ ಹೆಸರು ಹೇಳುವ ಹೊತ್ತಿಗೇ ಗೊರ್ ಎಂದುಬಿಟ್ಟರೆ?

ಅಣ್ಣ ಹೋದಾಗ ನನಗೆ ಆರು ವರ್ಷ, ಅವನಿಗೆ ಇಪ್ಪತ್ತೂ ತುಂಬಿರಲಿಲ್ಲ. ಆ ದಿನ ನಾನು ಮನೆಯಲ್ಲಿ ಮಲಗಿದ್ದೆನಂತೆ. ಆಗಿನ ಸರ್ಕಾರದವರು ನಮ್ಮ ಪ್ರಾರ್ಥನಾ ಮಂದಿರಕ್ಕೆ ಬೀಗ ಹಾಕಲು ಬಂದರು. ಜನ ಅಡ್ಡ ನಿಂತರು, ಪೊಲೀಸರು ಲಾಠಿ ಬೀಸಿದರು. ಮೆಟ್ಟಿಲ ಮೇಲೆ ಅಣ್ಣನ ತಲೆಗೆ ಬಿತ್ತು. ಅವನ ಗೆಳೆಯರಾಗಿದ್ದ ಅಧ್ಯಕ್ಷರು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ‘ಪಕ್ಷ ಬಿಡಬೇಡ’ ಎಂದು ಹೇಳಿ ಅಣ್ಣ ಅವರ ತೊಡೆಯ ಮೇಲೇ ಪ್ರಾಣ ಬಿಟ್ಟ. ಪ್ರತಿ ವರ್ಷವೂ ಅಧ್ಯಕ್ಷರು ಇದನ್ನು ಹೇಳುತ್ತಾರೆ. ಹೇಳುವಾಗ ಅವರ ದನಿ ಎಲ್ಲಿ ಒಡೆಯುತ್ತದೆಂದು ನನಗೆ ಗೊತ್ತು. ಆ ಜಾಗದಲ್ಲಿ ಬೆರಳಿನಿಂದ ಒಂದು ಚೂರು ಏರಿಸಿ ಕೊಡುತ್ತೇನೆ. ಕೊನೆಯ ಸಾಲಿನವರಿಗೂ ಅಳು ಬರುತ್ತದೆ.

ಅಪ್ಪ ಆಮೇಲೆ ನೆಟ್ಟಗಾಗಲಿಲ್ಲ. ನಾನು ಶಾಲೆ ಬಿಟ್ಟು ಮೈಕ್ ಅಂಗಡಿ ಸೇರಿದೆ. ಹೋಗಲಿ. ಒಬ್ಬ ಅಣ್ಣನನ್ನು ಕೊಟ್ಟು ಒಂದು ಪಕ್ಷ ಪಡೆದೆವು ಎಂದು ಅಪ್ಪ ಹೇಳುತ್ತಿದ್ದರು.

ಮಾರ್ಚ್ 6, ಗುರುವಾರ

ಮಂದಿರದಲ್ಲಿ ಹೊಸ ಹುಡುಗರ ಕಮಿಟಿಯದು ಮತ್ತೆ ಅದೇ ರಾಗ. ಒಳಗೆ ಸ್ಪೀಕರ್ ಹಾಕಿಕೊಡಿ ಎಂದು. ಆಗುವುದಿಲ್ಲ ಎಂದೆ. “ನೀವು ಮೈಕಿನವರಾಗಿ ಬೇಡ ಅಂತೀರಲ್ಲ” ಎಂದು ನಕ್ಕರು. ಮೈಕಿನವನಾಗಿಯೇ ಬೇಡ ಎನ್ನುತ್ತಿದ್ದೇನೆ. ದೂರದವರಿಗೆ ಕೇಳಿಸಲೆಂದು ಹಾರ್ನು ಕಟ್ಟುತ್ತೇವೆ. ದೇವರು ದೂರ ಇದ್ದಾನೆಂದು ಇವರಿಗೆ ಯಾರು ಹೇಳಿದರು? ಅಣ್ಣ ಆ ಬಾಗಿಲಿಗಾಗಿ ಸತ್ತ. ಇರುವುದು ಇದ್ದ ಹಾಗೆ ಇರಲಿ ಎಂದರೆ ನನ್ನನ್ನು ಹಳೇ ಕಾಲದವನು ಎನ್ನುತ್ತಾರೆ. ಹೌದು, ಹಳೇ ಕಾಲದವನೇ. ಅದಕ್ಕೇ ನಮ್ಮ ಪಕ್ಷ ನನಗೆ ಸರಿ. ಅದು ಇದ್ದದ್ದನ್ನು ಉಳಿಸಿಕೊಳ್ಳುವವರ ಪಕ್ಷ.

ಮನೆಗೆ ಬಂದರೆ ಟೀವಿಯಲ್ಲಿ ಸುದ್ದಿ. ನಮ್ಮ ಪಕ್ಷ ಅವರ ಜೊತೆ ಕೈ ಜೋಡಿಸಿದೆಯಂತೆ. ಅವರು ಎಂದರೆ ಅವರೇ. ಅಂದು ಬೀಗ ಕಳಿಸಿದ ಮಂತ್ರಿಯ ಮಗ ಈಗ ಅವರ ಮುಖಂಡ. ಅಧ್ಯಕ್ಷರೂ ಅವನೂ ಕೈ ಹಿಡಿದು ಮೇಲೆತ್ತಿದ್ದಾರೆ, ಗೆದ್ದ ಕುಸ್ತಿಯವರ ಹಾಗೆ.

“ನೋಡಿ, ಬೀಗದವರು ಬೀಗರಾದರು” ಎಂದಳು ಮನೆಯಾಕೆ. ನನಗೆ ನಗು ಬರಲಿಲ್ಲ. ದೊಡ್ಡವರು ಏನಾದರೂ ಯೋಚನೆ ಮಾಡಿಯೇ ಮಾಡಿರುತ್ತಾರೆ ಎಂದೆ. “ಮಾಡಿರ್ತಾರೆ, ಮಾಡಿರ್ತಾರೆ. ಅವರು ಯೋಚನೆ ಮಾಡಿದ್ದಕ್ಕೆಲ್ಲ ನಿಮಗೆ ನಿದ್ದೆ ಹೋಗುತ್ತೆ, ಅಷ್ಟೇ” ಎಂದು ಒಗೆದ ಬಟ್ಟೆ ಒಣಹಾಕಲು ಹೋದಳು.

ನಾವು ಸಣ್ಣವರು. ಮೇಲಿಂದ ನೋಡಿದರೆ ಬೇರೆಯೇ ಕಾಣುತ್ತಿರಬಹುದು.

ಮಾರ್ಚ್ 9, ಭಾನುವಾರ

ರಾತ್ರಿ ಬಹಳ ಹೊತ್ತಾಗಿದೆ. ಆದರೂ ಬರೆಯಬೇಕು, ನಾಳೆ ಮಾತು ಮರೆತರೆ ಕಷ್ಟ.

ಪಕ್ಷದ ಕಚೇರಿಯಲ್ಲಿ ಇಂದು ಕಾರ್ಯಕರ್ತರ ಸಭೆ. ಮುಗಿದ ಮೇಲೆ ಹಾರ್ನಿನ ಗುಂಡಿ ಪೂರ್ತಿ ಇಳಿಸಿದೆ. ಜನ ಎದ್ದು ಚಹಾಕ್ಕೆ ಹೋದರು. ವೇದಿಕೆಯ ಮೇಲೆ ಅಧ್ಯಕ್ಷರು, ಆ ಮಂತ್ರಿಯ ಮಗ ಇಬ್ಬರೇ. ಮೈಕು ಅವರ ನಡುವೆ ಮೇಜಿನ ಮೇಲೆ. ಹಾರ್ನು ಸುಮ್ಮನಾದರೆ ಮೈಕು ಸತ್ತಿತು ಎಂದೇ ಎಲ್ಲರೂ ತಿಳಿಯುತ್ತಾರೆ. ಅದು ಸತ್ತಿರುವುದಿಲ್ಲ. ನನ್ನ ತಲೆಯ ಮೇಲಿನ ಹೆಡ್‌ಫೋನಿಗೆ ಬರುತ್ತಲೇ ಇರುತ್ತದೆ. ಕೆಲಸ ಕಲಿಸಿದ ಯಜಮಾನರು ಮೊದಲ ದಿನವೇ ಹೇಳಿದ್ದರು, ಹಾರ್ನಿಗೆ ಹೋಗದ ಮಾತು ನಿನ್ನದಲ್ಲ, ಹೆಡ್‌ಫೋನ್ ತೆಗೆದುಬಿಡು ಎಂದು. ಯಾವಾಗಲೂ ತೆಗೆಯುತ್ತಿದ್ದೆ. ಇಂದು ಗುರ್ ಎನ್ನುವ ಒಂದು ಸದ್ದು ಹುಡುಕುತ್ತಿದ್ದೆ, ತೆಗೆಯಲಿಲ್ಲ.

ಮಂತ್ರಿಯ ಮಗ ಹೇಳಿದ, “ಇಪ್ಪತ್ತಕ್ಕೆ ಆ ಲಾಠಿ ಕಥೆ ಬೇಡ. ನಮ್ಮಪ್ಪನ ಮುಖಕ್ಕೆ ಮಸಿ ಬಳಿದ ಹಾಗಾಗುತ್ತೆ. ನಾನು ಪಕ್ಕದಲ್ಲೇ ಕೂತಿರ್ತೀನಿ.”

ಅಧ್ಯಕ್ಷರು, “ಬಿಡಿ, ನಾನು ನೋಡ್ಕೋತೀನಿ. ಗೋಡೆ ಹತ್ತೋಕೆ ಹೋಗಿ ಜಾರಿ ಬಿದ್ದ ಅಂತ ಹೇಳಿದ್ರಾಯ್ತು. ನೂಕುನುಗ್ಗಲು. ಯಾರ ತಪ್ಪೂ ಅಲ್ಲ.”

“ಅವರ ಮನೆಯವರು?”

“ಯಾರಿದ್ದಾರೆ? ಆ ಮೈಕಿನವನು ಒಬ್ಬ. ಅವನು ನಮ್ಮವನೇ. ಅವನಿಗೆ ತನ್ನ ನೆರಳು ಕಂಡ್ರೂ ಭಯ.”

ಇಬ್ಬರೂ ನಕ್ಕರು. ನನ್ನ ಎರಡು ಕಿವಿಗಳ ನಡುವೆಯೇ ನಕ್ಕ ಹಾಗಿತ್ತು.

ಅಧ್ಯಕ್ಷರು ಕೆಳಗಿಳಿದು ಬಂದು ನನ್ನ ಬೆನ್ನು ತಟ್ಟಿದರು. “ಏನ್ ಮೈಕು, ಸೌಂಡು ಚೆನ್ನಾಗಿತ್ತು.” ನಾನು ಹಲ್ಲು ಕಿರಿದೆ. ಹಲ್ಲು ಕಿರಿದೆ! ಅದನ್ನೂ ಬರೆದಿಡುತ್ತೇನೆ.

ಮಾರ್ಚ್ 10, ಸೋಮವಾರ

ಊಟ ಸೇರಲಿಲ್ಲ. ಜ್ವರವೇ ಎಂದು ಮನೆಯಾಕೆ ಹಣೆ ಮುಟ್ಟಿದಳು. ಹೇಳಿಬಿಟ್ಟೆ. ಅವಳು ಎಂದಿನಂತೆ ತಮಾಷೆ ಮಾಡಲಿಲ್ಲ. ಅದರಿಂದ ಇನ್ನೂ ಹೆದರಿಕೆಯಾಯಿತು.

ಕದ್ದು ಕೇಳಿದ್ದು ತಪ್ಪೇ. ಆದರೆ ತಪ್ಪಾಗಿ ಕೇಳಿಸಿಕೊಂಡದ್ದಲ್ಲ.

ಮಾರ್ಚ್ 12, ಬುಧವಾರ

ಎರಡು ದಿನದಿಂದ ಒಂದೇ ಮಾತು ತಲೆಯಲ್ಲಿ ಕೊರೆಯುತ್ತಿದೆ. ಗೋಡೆ ಎಲ್ಲಿಂದ ಬಂತು?

ಅಧ್ಯಕ್ಷರು ಸುಳ್ಳು ಹೇಳಲಿ, ಒಪ್ಪಿದೆ. ಸುಳ್ಳಿಗೆ ಏನು ಬರ, ಮೆಟ್ಟಿಲಿನಿಂದ ಜಾರಿದ ಎನ್ನಬಹುದಿತ್ತು, ಕಾಲ್ತುಳಿತ ಎನ್ನಬಹುದಿತ್ತು. ಐವತ್ತು ವರ್ಷದ ಮೇಲಾಯಿತು ಆ ಕಥೆ ಕೇಳುತ್ತಾ ಬಂದು. ಮೆಟ್ಟಿಲು ಇತ್ತು, ಲಾಠಿ ಇತ್ತು, ತೊಡೆ ಇತ್ತು. ಗೋಡೆ ಎಂದೂ ಇರಲಿಲ್ಲ. ಯೋಚಿಸದೆ ಬಾಯಿಗೆ ಬಂದದ್ದು ಗೋಡೆಯೇ ಏಕೆ?

ಪ್ರಾರ್ಥನೆ ಮುಗಿಸಿ ಮಂದಿರದ ಹಿಂಭಾಗಕ್ಕೆ ಹೋದೆ. ಗೋಡೆ ಇದೆ. ಹಳೇ ಕಲ್ಲಿನ ಗೋಡೆ, ನನ್ನ ತಲೆಗಿಂತ ಎತ್ತರ, ಆಚೆಗೆ ಓಣಿ. ಎಷ್ಟೋ ವರ್ಷದಿಂದ ಬರುತ್ತಿದ್ದೇನೆ, ಒಮ್ಮೆಯೂ ಹಿಂದಕ್ಕೆ ಹೋಗಿರಲಿಲ್ಲ. ಕೈಯಿಟ್ಟು ನಿಂತೆ. ಯಾಕೋ ಅಲ್ಲಿ ನಿಲ್ಲಲಾಗದೆ ಬಂದುಬಿಟ್ಟೆ.

ಅಲ್ಲಿಂದ ನೇರ ಅಕ್ಕನ ಮನೆಗೆ. ಅಕ್ಕ ಹೊದಿಕೆ ಮಡಿಸುತ್ತಿದ್ದಳು. ಇನ್ನೊಂದು ತುದಿ ಹಿಡಿದುಕೋ ಎಂದು ನನ್ನ ಕೈಗೆ ಕೊಟ್ಟಳು. ಹಿಡಿದುಕೊಂಡೇ ಕೇಳಿದೆ.

“ಅಕ್ಕಾ, ಅಣ್ಣ ಹೋದ ದಿನ ಅಲ್ಲಿ ಗೋಡೆ ಇತ್ತಾ?”

“ಇದೇನು ಪ್ರಶ್ನೆ? ಗೋಡೆ ಇದ್ದೇ ಇತ್ತು. ಗೋಡೆ ಎಲ್ಲಿಗೆ ಹೋಗುತ್ತೆ?”

“ಅದಲ್ಲ. ಅಣ್ಣ ಸತ್ತಿದ್ದು ಮೆಟ್ಟಿಲ ಹತ್ರಾನಾ, ಗೋಡೆ ಹತ್ರಾನಾ?”

ಹೊದಿಕೆ ನಡುವೆ ಜೋತುಬಿತ್ತು. ಅಕ್ಕ ತನ್ನ ತುದಿ ಬಿಟ್ಟಿದ್ದಳು.

“ಯಾರು ಹೇಳಿದ್ರು ನಿಂಗೆ?”

“ಯಾರೂ ಹೇಳಲಿಲ್ಲ. ಅದೇ ನನ್ನ ಸಂಕಟ.”

ಅಕ್ಕ ಕುಳಿತಳು. ಮಂಡಿ ಉಜ್ಜಿಕೊಂಡಳು. ಆಮೇಲೆ ಹೇಳಿದಳು, “ನೀನು ಆವತ್ತು ಮನೇಲಿ ಮಲಗಿರಲಿಲ್ಲ ಕಣೋ. ಅವನ ಬೆನ್ನು ಹತ್ತಿ ಹೋಗಿದ್ದೆ. ಬೇಡ ಅಂದ್ರೂ ಕೇಳಲಿಲ್ಲ. ಲಾಠಿ ಶುರುವಾದ ಮೇಲೆ ನಿನ್ನನ್ನ ಎತ್ಕೊಂಡು ಹಿಂದಕ್ಕೆ ಓಡಿದ. ಸೀಟಿ ಆಗಲೇ ಗೋಡೆ ಹಾರಿ ಆಚೆ ಇದ್ದ. ನಿನ್ನನ್ನ ಮೇಲೆತ್ತಿ ಅವನ ಕೈಗೆ ಕೊಟ್ಟ. ಎರಡೂ ಕೈ ಮೇಲಿದ್ದಾಗಲೇ ಹಿಂದಿನಿಂದ ಹೊಡೆದ್ರು.”

ಸೀಟಿ ಎಂದರೆ ಅಧ್ಯಕ್ಷರು. ಆಗ ದಿನವಿಡೀ ಸೀಟಿ ಹೊಡೆಯುತ್ತಿದ್ದರಂತೆ. ಆ ಹೆಸರು ಹಿಡಿದು ಈಗ ಯಾರೂ ಕರೆಯುವುದಿಲ್ಲ.

“ಹಾಗಾದ್ರೆ ತೊಡೆ?”

“ಯಾವ ತೊಡೆ? ನಿನ್ನನ್ನ ಹೊತ್ಕೊಂಡು ಓಡ್ತಾ ಇದ್ದವನಿಗೆ ತೊಡೆ ಎಲ್ಲಿಂದ ಬರುತ್ತೆ! ಅಣ್ಣನ್ನ ಆಸ್ಪತ್ರೆಗೆ ಹಾಕಿದ್ರು. ಅಲ್ಲಿ ಕಾಂಪೌಂಡರ್ ಒಬ್ಬನೇ ಇದ್ದ.”

“ನಂಗೆ ಯಾಕೆ ಹೇಳಲಿಲ್ಲ?”

“ನೀನು ಮೊದಲೇ ಹೆದರುಪುಕ್ಕಲ. ಆವತ್ತು ಜ್ವರ ಬಂದು ಎಷ್ಟೋ ದಿನ ಮಾತಾಡಿರಲಿಲ್ಲ. ಇದನ್ನೂ ಹೇಳಿದ್ರೆ ಉಳೀತಿದ್ದೆಯಾ? ಆಮೇಲೆ ನೀನು ಆ ಭಾಷಣ ಕೇಳಿ ಎದೆಯುಬ್ಬಿಸಿಕೊಂಡು ಬರ್ತಿದ್ದೆ. ಇರಲಿ ಅಂತ ಬಿಟ್ಟೆ.”

ಹೊದಿಕೆ ನೆಲದಲ್ಲೇ ಬಿಟ್ಟು ಬಂದೆ. ಅಕ್ಕ ಕೂಗಿದಳು. ತಿರುಗಲಿಲ್ಲ.

ಮಾರ್ಚ್ 13, ಗುರುವಾರ

ಅಧ್ಯಕ್ಷರ ಮೇಲೆ ಸಿಟ್ಟು ಬರಬೇಕು. ಅಕ್ಕನ ಮೇಲೆ ಬರುತ್ತಿದೆ. ಅವರಾದರೆ ರಾಜಕೀಯದವರು. ಇವಳು ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಎದುರು ಕೂತು, ತಲೆ ಸವರಿ, ಇಷ್ಟು ವರ್ಷ!

ಮತ್ತೆ ಅಪ್ಪ? ಅಪ್ಪನಿಗೂ ಗೊತ್ತಿತ್ತೇ? ಪಕ್ಷ ಪಡೆದೆವು ಎನ್ನುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಸಂಕೋಚ ಎಂದುಕೊಂಡಿದ್ದೆ.

ಇಂದು ಮಂದಿರಕ್ಕೆ ಹೋದೆ, ಪ್ರಾರ್ಥನೆ ಮಾಡಲಿಲ್ಲ. ಸುಮ್ಮನೆ ಕುಳಿತೆ. ದೇವರೇ, ನೀನು ಆವತ್ತು ಒಳಗೇ ಇದ್ದೆಯಲ್ಲ ಎಂದೆ. ಅಷ್ಟೇ. ಕೇಳಿಸಿಕೊಂಡಿರುತ್ತಾನೆ.

ಮಾರ್ಚ್ 15, ಶನಿವಾರ

ಕಾಂಪೌಂಡರ್ ಮನೆಗೆ ಹೋಗಿದ್ದೆ. ಬರೆಯುವಾಗಲೂ ನಂಬಿಕೆ ಬರುತ್ತಿಲ್ಲ.

ಆತ ಮೊದಲಿನಿಂದಲೂ ಆ ಕಡೆಯ ಪಕ್ಷದವರು. ಬೀಗ ಕಳಿಸಿದವರ ಪಕ್ಷ. ಅವರ ಬೀದಿಯಲ್ಲಿ ನಾನು ವೈರು ಎಳೆದಿದ್ದೇನೆ, ಆದರೆ ಅವರ ಮನೆಯ ಕಡೆ ತಲೆ ಎತ್ತಿ ನೋಡಿದವನಲ್ಲ. ಎದುರಿಗೆ ಬಂದರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದೆ. ಅಪ್ಪ ಹಾಗೆ ಕಲಿಸಿದ್ದರು.

ಬಾಗಿಲು ತೆಗೆದ ಸೊಸೆ ಹೇಳಿದಳು, “ಮಾವನವರಿಗೆ ಕಿವಿ ಪೂರ್ತಿ ಹೋಗಿದೆ. ಕಿವಿಗೆ ಹಾಕ್ಕೊಳ್ಳೋ ಮೆಷಿನ್ ಕೊಟ್ರೆ ಕಿತ್ತೆಸೀತಾರೆ. ನೀವು ಕಿರುಚಿದ್ರೂ ಅಷ್ಟೇ.”

ಒಳಗೆ ಮುದುಕರು ಕುರ್ಚಿಯಲ್ಲಿ ಕುಳಿತು ಗೋಡೆ ಗಡಿಯಾರದ ಸೆಕೆಂಡ್ ಮುಳ್ಳನ್ನು ನೋಡುತ್ತಿದ್ದರು. ಕಿರುಚಿದೆ. ನಕ್ಕರು. ಬೇರೆ ಏನೋ ಉತ್ತರ ಕೊಟ್ಟರು, ತಮ್ಮ ಮಂಡಿನೋವಿನದು. ಎದ್ದು ಮನೆಗೆ ಬಂದು ಚಿಕ್ಕ ಆಂಪ್ಲಿಫೈಯರ್, ಒಂದು ಮೈಕು, ಹೆಡ್‌ಫೋನು ಚೀಲಕ್ಕೆ ಹಾಕಿಕೊಂಡು ಮತ್ತೆ ಹೋದೆ. ಅವರ ತಲೆಗೆ ಹೆಡ್‌ಫೋನು ಹಾಕಿ, ಮೆಲ್ಲಗೆ ಏರಿಸುತ್ತಾ, “ಹಲೋ” ಎಂದೆ.

ಮುದುಕರು ಬೆಚ್ಚಿ ನನ್ನ ಕೈ ಹಿಡಿದುಕೊಂಡರು. “ಯಾರು ಸತ್ತರು?” ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ಸೊಸೆ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೂ ನಗು ಬಂತು. ಬಹಳ ದಿನದ ಮೇಲೆ.

ನಾನು ಯಾರ ತಮ್ಮ ಎಂದು ಹೇಳಿದೆ. ಅವರು ನನ್ನ ಕೈ ಬಿಟ್ಟರು.

“ಗೊತ್ತು. ರಸ್ತೆ ದಾಟಿ ಹೋಗೋನು.”

“ಹೌದು, ನಾನೇ.”

“ನಿಮ್ಮಪ್ಪನೂ ಹಂಗೇ. ಹೇಳೋಕೆ ಅಂತ ಬಂದಿದ್ದೆ, ಮುಖದ ಮೇಲೆ ಬಾಗಿಲು ಹಾಕಿದ. ಆ ಹುಡುಗಿ, ನಿಮ್ಮಕ್ಕ, ಕಿಟಕೀಲಿ ನಿಂತಿದ್ಲು. ಅವಳಿಗೆ ಹೇಳಿ ಹೋದೆ.”

ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. ಡಾಕ್ಟರು ಗಲಾಟೆಗೆ ಹೆದರಿ ಹಿಂಬಾಗಿಲಿನಿಂದ ಹೋಗಿದ್ದರು. ಅಣ್ಣನನ್ನು ಬೆಂಚಿನ ಮೇಲೆ ಮಲಗಿಸಿದ್ದರು. ತಲೆಗೆ ಬಟ್ಟೆ ಸುತ್ತುವುದು ಬಿಟ್ಟು ಇವರ ಕೈಯಲ್ಲಿ ಏನೂ ಇರಲಿಲ್ಲ. ಅಣ್ಣ ಪಕ್ಷದ ಮಾತು ಎತ್ತಲಿಲ್ಲ, ದೇವರ ಮಾತೂ ಎತ್ತಲಿಲ್ಲ. “ತಮ್ಮ ಮನೆ ಸೇರಿದನಾ?” ಎಂದ. ಮತ್ತೆ ಅದನ್ನೇ ಕೇಳಿದ. ತಮ್ಮ ಯಾರೆಂದು ಇವರಿಗೆ ಗೊತ್ತಿಲ್ಲ, ಸೇರಿದನೋ ಇಲ್ಲವೋ ಗೊತ್ತಿಲ್ಲ. “ಸೇರಿದ” ಎಂದು ಹೇಳಿದರು.

“ಸುಳ್ಳು ಹೇಳಿದೆ ಅಂತ ಆಮೇಲೆ ಮನಸ್ಸು ಚುಚ್ತಿತ್ತು. ಅದಕ್ಕೇ ನಿಮ್ಮ ಮನೆಗೆ ಬಂದೆ, ಸೇರಿದ್ಯೋ ಇಲ್ವೋ ನೋಡೋಣ ಅಂತ” ಎಂದರು. ಆಮೇಲೆ ಹೆಡ್‌ಫೋನಿನ ಮೇಲೆ ಎರಡೂ ಕೈ ಇಟ್ಟುಕೊಂಡು, “ಇದನ್ನ ಇಲ್ಲೇ ಬಿಟ್ಟು ಹೋಗ್ತೀಯಾ?” ಎಂದರು.

ಮೈಕು, ಆಂಪ್ಲಿಫೈಯರ್ ಸಮೇತ ಬಿಟ್ಟು ಬಂದಿದ್ದೇನೆ. ಇಪ್ಪತ್ತಕ್ಕೆ ಇನ್ನೊಂದು ಹೆಡ್‌ಫೋನು ಹುಡುಕಬೇಕು. ಹಳೆಯದು ಒಂದಿದೆ, ಎಡಗಡೆ ಬರುವುದಿಲ್ಲ. ಅದೂ ಒಂದು ಚಿಂತೆ.

ಮಾರ್ಚ್ 17, ಸೋಮವಾರ

ಅಧ್ಯಕ್ಷರ ಮನೆಗೆ ಹೋದೆ. ಹೋಗುವುದಿಲ್ಲ, ಹೋಗುವುದಿಲ್ಲ ಎನ್ನುತ್ತಾ ಗೇಟಿನವರೆಗೆ ಹೋಗಿ, ವಾಪಸು ಬಂದು, ಮತ್ತೆ ಹೋದೆ.

ವರಾಂಡದಲ್ಲಿ ಕ್ಷೌರದವನು ಅವರ ತಲೆಗೆ ಕಪ್ಪು ಬಣ್ಣ ಹಚ್ಚುತ್ತಿದ್ದ. ಹೆಗಲಿಗೆ ಹಳೇ ಟವೆಲ್. ಕದಲುವ ಹಾಗಿರಲಿಲ್ಲ. “ಬಾ ಮೈಕು. ಹತ್ತಿರ ಬರಬೇಡ, ಬಣ್ಣ” ಎಂದರು.

“ನನ್ನನ್ನ ಗೋಡೆ ಆಚೆ ಎತ್ಕೊಂಡಿದ್ದು ನೀವಾ?” ಎಂದೆ. ಮಾತು ಕೂಡಿಸಿಕೊಂಡು ಹೋಗಿದ್ದೆಲ್ಲ ಮರೆತು, ಇದೊಂದೇ ಬಂತು.

ಕ್ಷೌರದವನಿಗೆ ಕಣ್ಣಿನಲ್ಲೇ ಹೊರಗೆ ಹೋಗು ಎಂದರು. ಅವನು ಬ್ರಷ್ ಹಿಡಿದು ಗೇಟಿನ ಹತ್ತಿರ ನಿಂತ. ಅಧ್ಯಕ್ಷರು ಕಿವಿ ಮಡಚಿ ತೋರಿಸಿದರು. ಮೇಲಿನ ಅಂಚಿನಲ್ಲಿ ಒಂದು ಚೂರು ಇರಲಿಲ್ಲ.

“ಇದು ನಿನ್ನ ಹಲ್ಲು. ಬಾಯಿ ಮುಚ್ಚೋಕೆ ಹೋದ್ರೆ ಕಿವಿಗೇ ಬಾಯಿ ಹಾಕಿದೆ. ದಾರಿಯುದ್ದಕ್ಕೂ ಬಿಡಲಿಲ್ಲ ಕಣೋ ನೀನು. ಮನೆ ಬಾಗಿಲಲ್ಲಿ ಇಳಿಸೋವಾಗ ನನ್ನ ಅಂಗಿ ಎಲ್ಲ ರಕ್ತ. ಜನ ಅದನ್ನ ನೋಡಿ ನಿನ್ನಣ್ಣನ ರಕ್ತ ಅಂದ್ಕೊಂಡ್ರು. ನಾನು ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ.”

“ಆಮೇಲೆ ಅಂದ್ರಿ.”

“ಆಮೇಲೆ ಅಂದೆ.”

“ಮಗೂನ ಹೊತ್ಕೊಂಡು ಹೋಗಿ ಬದುಕಿಸಿದೆ ಅಂತಲೇ ಹೇಳಬಹುದಿತ್ತಲ್ಲ. ಅದೇನು ಕಡಿಮೆ ಮಾತಾ?”

ಅವರು ನಕ್ಕರು. ಬಣ್ಣ ಹಣೆಗೆ ಇಳಿಯಿತು. “ಓಡಿದವನಿಗೆ ಯಾರೋ ಓಟು ಹಾಕ್ತಾರೆ? ಕೈಯಲ್ಲಿ ಮಗು ಇದ್ದದ್ದು ಯಾರಿಗೂ ನೆನಪಿರಲ್ಲ. ಓಡಿದ್ದು ಮಾತ್ರ ನೆನಪಿರುತ್ತೆ.”

ಒಂದು ಗಳಿಗೆ ಅವರ ಮೇಲೆ ಮರುಕ ಬಂತು. ಈ ವಯಸ್ಸಿನಲ್ಲಿ ತಲೆಯ ಮೇಲೆ ಕಪ್ಪು ಮೆತ್ತಿಕೊಂಡು, ತಾವು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವನ್ನು ಮುಚ್ಚಿಟ್ಟು ಬದುಕಿದ ಮನುಷ್ಯ. ಅಷ್ಟರಲ್ಲಿ ಅವರ ದನಿ ಬದಲಾಯಿತು. ಆ ದನಿ ನನಗೆ ಗೊತ್ತು, ಚುನಾವಣೆಯದು.

“ನೋಡು, ನೀನು ಏನು ಕೇಳಿಸಿಕೊಂಡೆ, ಹೇಗೆ ಕೇಳಿಸಿಕೊಂಡೆ ನಾನು ವಿಚಾರಿಸಲ್ಲ. ಭವನದ ಮೇಲೆ ಅವನ ಹೆಸರು ಇರುತ್ತೆ. ಕಲ್ಲಲ್ಲಿ ಕೆತ್ತಿರುತ್ತೆ. ಹೇಗೆ ಹೋದ ಅನ್ನೋದನ್ನ ಮಾತ್ರ ಒಂಚೂರು ಮೆತ್ತಗೆ ಹೇಳ್ತೀನಿ. ಗೋಡೆ ಅಂದ್ರೆ ಸುಳ್ಳೂ ಅಲ್ಲವಲ್ಲ! ಹೆಸರು ಬೇಕಾ, ಲಾಠಿ ಬೇಕಾ ನೀನೇ ನೋಡು. ನೀನು ನಮ್ಮವನು.”

ನಾನು ಏನು ಹೇಳಬೇಕಿತ್ತು? ಹೇಳಿದ್ದು ಇಷ್ಟು: “ವೇದಿಕೆಗೆ ಮೈಕು ಒಂದು ಇಡಲಾ, ಎರಡಾ?”

“ಎರಡು” ಎಂದರು. “ಅವರಿಗೂ ಒಂದು.”

ಮಾರ್ಚ್ 19, ಬುಧವಾರ

ಹೆಸರು ಬೇಕು. ಬೇಡವೆಂದರೆ ಸುಳ್ಳಾಗುತ್ತದೆ. ಅಕ್ಷರ ದೊಡ್ಡದಾಗಿ, ಮಳೆ ಬಿಸಿಲಿಗೆ ಮಾಸದ ಹಾಗೆ, ಮಕ್ಕಳು ಓದುವ ಹಾಗೆ ಬೇಕು. ಆದರೆ ಜಾರಿ ಬಿದ್ದವನ ಹೆಸರನ್ನು ಕಲ್ಲಿನಲ್ಲಿ ಯಾಕೆ ಬರೆಯುತ್ತಾರೆಂದು ಆ ಮಕ್ಕಳು ಕೇಳಿದರೆ?

ನಮ್ಮದು ಉಳಿಸಿಕೊಳ್ಳುವವರ ಪಕ್ಷ ಎಂದು ಬರೆದಿದ್ದೆ. ಹಿಂದಿನ ಪುಟದಲ್ಲಿ ಇದೆ. ನಾನು ಈಗಲೂ ಹಾಗೇ. ನನಗೆ ಹಿರಿಯರು ಬೇಕು, ಮಂದಿರ ಬೇಕು, ಕೊಟ್ಟ ಮಾತು ಬೇಕು. ಅವರಿಗೆ ಏನು ಉಳಿಸಿಕೊಳ್ಳಬೇಕಿತ್ತೋ ತಿಳಿಯದು.

ಮೈಕು ಕೊಡುವುದಿಲ್ಲ ಎಂದುಬಿಡಲೇ ಎಂದು ಮನೆಯಾಕೆಯನ್ನು ಕೇಳಿದೆ. “ಕೊಡದಿದ್ರೆ ಬೇರೆಯವನು ಕೊಡ್ತಾನೆ. ನೀವು ಮನೇಲಿ ಕೂತು ಗ್ಯಾಸ್ ನೋಡ್ತಿರ್ತೀರಿ” ಎಂದಳು. ಅಕ್ಕ ಫೋನ್ ಮಾಡಿದ್ದಳು. ನಾನು ತೆಗೆಯಲಿಲ್ಲ, ಆಮೇಲೆ ನಾನೇ ಮಾಡಿದೆ.  ಅವಳ ಉಸಿರು ಕೇಳಿಸಿತು. “ಊಟ ಆಯ್ತಾ?” ಎಂದಳು. ಆಯಿತು ಎಂದೆ.

ಮಾರ್ಚ್ 20, ಗುರುವಾರ

ಮುಗಿಯಿತು. ಸೌಂಡು ಕೈಕೊಡಲಿಲ್ಲ. ಮೊದಲು ಅದನ್ನು ಬರೆಯುತ್ತೇನೆ.

ಬೆಳಿಗ್ಗೆ ಹಾರ್ನುಗಳನ್ನು ಭವನದಿಂದ ಮಾರುಕಟ್ಟೆಯ ಕೊನೆಯವರೆಗೆ ಕಟ್ಟಿದೆವು. ಕಂಬ ಹತ್ತುವುದು ನನ್ನ ಭಾವಮೈದ, ಮನೆಯಾಕೆಯ ತಮ್ಮ. ನನಗೆ ಎತ್ತರ ಆಗದು. ಎಲ್ಲ ಕಟ್ಟಿದ ಮೇಲೆ ಅವನು ಫೋನು ಹಿಡಿದು ಬೀದಿಯ ತುದಿಗೆ ಹೋಗುತ್ತಾನೆ, ನಾನು ವೇದಿಕೆಯಲ್ಲಿ ಮೈಕಿನ ಮುಂದೆ ಮಾತಾಡುತ್ತೇನೆ, ಯಾವ ಹಾರ್ನು ಹೇಗಿದೆಯೆಂದು ಅವನು ಹೇಳುತ್ತಾನೆ. ಹಲೋ ಹಲೋ, ಒಂದು ಎರಡು ಮೂರು. ಆ ಹೊತ್ತಿನಲ್ಲಿ ಆಡುವುದನ್ನು ಯಾರೂ ಮಾತು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುರ್ಚಿ ಜೋಡಿಸುವವರು ಜೋಡಿಸುತ್ತಿರುತ್ತಾರೆ, ಪೊಲೀಸರು ಚಹಾ ಕುಡಿಯುತ್ತಿರುತ್ತಾರೆ.

“ಭಾವ, ತರಕಾರಿ ಸಾಲಿನ ಕೊನೇ ಹಾರ್ನು ಗೊರಗೊರ ಅಂತಿದೆ. ಇನ್ನೂ ಮಾತಾಡ್ತಾ ಇರಿ, ನಾನು ವೈರು ಬಿಗೀತೀನಿ” ಎಂದ.

ಒಂದು ಎರಡು ಮೂರು ಎಂದೆ.

“ಬರೀ ಒಂದು ಎರಡು ಅಂದ್ರೆ ಹೇಗೆ ಗೊತ್ತಾಗುತ್ತೆ? ಉದ್ದಕ್ಕೆ ಏನಾದ್ರೂ ಹೇಳಿ!”

ಉದ್ದಕ್ಕೆ ಹೇಳುವಂಥದ್ದು ಏನೂ ತೋಚಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. ಮಂದಿರಕ್ಕೆ ಬೀಗ ಹಾಕಲು ಬಂದ ದಿನ ನಾನು ಅಣ್ಣನ ಬೆನ್ನು ಹತ್ತಿ ಹೋಗಿದ್ದೆ, ನನಗೆ ಆರು ವರ್ಷ ಎಂದೆ. ಹಿಂದಿನ ಕಲ್ಲುಗೋಡೆಯ ಮೇಲೆ ಅವನು ನನ್ನನ್ನು ಎತ್ತಿಕೊಟ್ಟ, ಎತ್ತಿಕೊಂಡವರು ಈಗಿನ ಅಧ್ಯಕ್ಷರು, ಆಗ ಸೀಟಿ ಎನ್ನುತ್ತಿದ್ದರು, ಅವರು ಹೊತ್ತು ಓಡಿದ್ದರಿಂದ ನಾನು ಬದುಕಿದೆ ಎಂದೆ. ಅವರ ಕಿವಿ ಕಚ್ಚಿದ್ದನ್ನೂ ಹೇಳಿದೆ. ಅಣ್ಣ ಜಾರಿ ಬೀಳಲಿಲ್ಲ, ಎರಡು ಕೈ ಮೇಲಿದ್ದಾಗ ಹಿಂದಿನಿಂದ ಲಾಠಿ ಬಿತ್ತು, ಯಾರ ತೊಡೆಯ ಮೇಲೂ ಸಾಯಲಿಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ ಹೋದ ಎಂದೆ. ಆ ಪಕ್ಷದ ಕಾಂಪೌಂಡರ್ ಪಕ್ಕದಲ್ಲಿದ್ದರು. ತಮ್ಮ ಮನೆ ಸೇರಿದನಾ ಎಂದು ಕೇಳಿದ, ಸೇರಿದ ಎಂದರು, ಅಣ್ಣ ಕಣ್ಣು ಮುಚ್ಚಿದ ಎಂದೆ. ಹಲೋ, ಹಲೋ ಎಂದು ಮುಗಿಸಿದೆ.

ಫೋನಿನಲ್ಲಿ ಭಾವಮೈದ ಕಂಬ ಇಳಿಯುವ ಸದ್ದು ಬಂತು. ಆಮೇಲೆ, “ಸರಿಯಾಗಿದೆ ಭಾವ. ಕೊನೇವರೆಗೂ ಸ್ಪಷ್ಟ ಬಂತು. ಇಲ್ಲಿ ವ್ಯಾಪಾರದವರೆಲ್ಲ ತಕ್ಕಡಿ ಕೆಳಗಿಟ್ಟು ನಿಂತಿದ್ದಾರೆ” ಎಂದ. ತಲೆ ಎತ್ತಿ ನೋಡಿದರೆ ಕುರ್ಚಿಯವರೂ ನಿಂತಿದ್ದರು.

ಮಧ್ಯಾಹ್ನ ಸಭೆ. ಸೀಟಿ ಬಂದು ಮೈಕಿನ ಮುಂದೆ ನಿಂತ. ಒಮ್ಮೆ ಕೈ ಕಿವಿಗೆ ಹೋಯಿತು. ಆಮೇಲೆ ಚರಂಡಿ, ಬೀದಿದೀಪ, ಹೊಸ ಗೆಳೆತನ. ಅಣ್ಣನ ಮಾತೇ ಇಲ್ಲ, ಗೋಡೆಯೂ ಇಲ್ಲ. ದನಿ ಎಲ್ಲಿಯೂ ಒಡೆಯಲಿಲ್ಲ, ನಾನೂ ಏರಿಸಲಿಲ್ಲ. ಕೊನೆಗೆ ಕಲ್ಲಿನ ಮೇಲಿನ ಪರದೆ ಸರಿಸಿದರು. ಅದರಲ್ಲಿ ಬೀಗದ ಮಂತ್ರಿಯ ಹೆಸರಿತ್ತು. ಆಳವಾಗಿ ಕೆತ್ತಿದ ಅಕ್ಷರ, ಒಳಗೆ ಬಣ್ಣ ಒಣಗಿ ಗಟ್ಟಿಯಾಗಿತ್ತು. ಇಂದು ಬೆಳಿಗ್ಗೆ ಕೆತ್ತಿದ್ದಲ್ಲ. ಮೊನ್ನೆ ವರಾಂಡದಲ್ಲಿ ಹೆಸರು ಬೇಕಾ ಲಾಠಿ ಬೇಕಾ ಎಂದು ಕೇಳುವಾಗಲೂ ಅದು ಎಲ್ಲೋ ಒಂದು ಕಡೆ ಕೆತ್ತಿ ಮುಗಿಸಿ, ಒರಗಿಸಿಟ್ಟಿತ್ತು.

ಇಳಿದು ಹೋಗುವಾಗ ಸೀಟಿ ನನ್ನ ಮೇಜಿನ ಹತ್ತಿರ ನಿಂತ. “ಬೆಳಿಗ್ಗೆ ಸೌಂಡು ಜಾಸ್ತಿಯಾಯ್ತಂತೆ ಮೈಕು” ಎಂದ.

“ಸ್ಪಷ್ಟ ಇತ್ತಂತೆ” ಎಂದೆ.

ವೈರು ಸುತ್ತಿಕೊಂಡು ಮನೆಗೆ ಬಂದೆ. ಹಸಿವಾಗಿತ್ತು, ಎರಡು ಸಲ ಬಡಿಸಿಕೊಂಡೆ.

ಮಾರ್ಚ್ 21, ಶುಕ್ರವಾರ

ಎದ್ದಾಗ ಬೆಳಕು ಹರಿದು ಬಹಳ ಹೊತ್ತಾಗಿತ್ತು. ಗ್ಯಾಸ್ ನೋಡಲಿಲ್ಲ ಎಂದು ಮನೆಯಾಕೆ ಹೇಳಿದ ಮೇಲೆ ಗೊತ್ತಾಯಿತು. ಅಕ್ಕ ಬಂದಿದ್ದಾಳೆ, ಒಳಗೆ ಇಬ್ಬರೂ ಮಾತಾಡುತ್ತಿದ್ದಾರೆ. ಹಾಲಿನವನು ನನ್ನನ್ನು ನೋಡಿ ಸೈಕಲ್ ಇಳಿದು ನಿಂತ. ಯಾಕೋ ತಿಳಿಯಲಿಲ್ಲ. ಪಕ್ಷದ ಕಚೇರಿಯಿಂದ ಫೋನು ಬಂತು, ಮುಂದಿನ ತಿಂಗಳಿನಿಂದ ಬೇರೆಯವರಿಗೆ ಹೇಳಿದ್ದೇವೆ ಎಂದರು. ಆಗಲಿ ಎಂದೆ.

ನನ್ನ ತಲೆಬಿಸಿ ಅದಲ್ಲ. ನಿನ್ನೆ ಊರಿಗೆಲ್ಲ ಕೇಳುವ ಹಾಗೆ ಹೇಳಿದೆನಲ್ಲ, ಸೇರಿದ ಎಂದರು, ಅಣ್ಣ ಕಣ್ಣು ಮುಚ್ಚಿದ ಎಂದು. ಹದಿನೈದನೇ ತಾರೀಖಿನ ಪುಟ ತೆಗೆದು ನೋಡಿದರೆ, ಕಣ್ಣು ಮುಚ್ಚಿದ ಎಂದು ಕಾಂಪೌಂಡರ್ ಹೇಳಿಯೇ ಇಲ್ಲ. ನಾನೇ ಸೇರಿಸಿಬಿಟ್ಟಿದ್ದೇನೆ. ಉತ್ತರ ಬಾಯಿಂದ ಹೊರಟಿತು ಸರಿ, ಅದು ಅಣ್ಣನ ಕಿವಿಗೆ ಹೋಯಿತೇ? ಅಷ್ಟರಲ್ಲಿ ಅವನು ಹೋಗಿಬಿಟ್ಟಿದ್ದರೆ?

ಮನೆಯಾಕೆ ಮಾರುಕಟ್ಟೆಗೆ ಹೊರಟಿದ್ದಾಳೆ. ಅವಳಿಗೆ ಹೇಳಿದ್ದೇನೆ. ಕಾಂಪೌಂಡರ್ ಮನೆಗೆ ಹೋಗು, ಹೆಡ್‌ಫೋನು ಹಾಕು, ಗುಂಡಿ ಅರ್ಧಕ್ಕಿಂತ ಮೇಲೆ ಏರಿಸಬೇಡ, ಬೆಚ್ಚುತ್ತಾರೆ. ಬೇರೇನೂ ಬೇಡ, ಇದೊಂದನ್ನು ಮಾತ್ರ ಕೇಳಿಕೊಂಡು ಬಾ: ನೀವು ‘ಸೇರಿದ’ ಎಂದಾಗ ಅವನಿಗೆ ಕೇಳಿಸಿತಾ?